ಬೆವರದ ಮಗು, ಇಪ್ಪತ್ನಾಲ್ಕು ಡಿಗ್ರಿಯ ಕೋಣೆ

ನನ್ನ ಮಗನಿಗೆ ವರ್ಷ ತುಂಬುವಷ್ಟರಲ್ಲಿ ನಮ್ಮ ಮನೆಯಲ್ಲಿ ಮೂರು ಥರ್ಮಾಮೀಟರುಗಳಾಗಿದ್ದವು. ತಂದದ್ದೆಲ್ಲ ನನ್ನ ಗಂಡ. ಮೊದಲನೆಯದು ಸುಳ್ಳು ಹೇಳುತ್ತದೆಂದು ಎರಡನೆಯದು, ಎರಡನೆಯದರ ಮೇಲೂ ಅನುಮಾನ ಬಂದು ಮೂರನೆಯದು. ಮೂರೂ ಹೇಳುತ್ತಿದ್ದದ್ದು ಒಂದೇ: ಮಗುವಿಗೆ ಜ್ವರ ಇದೆ. ಡಾಕ್ಟರರ ಥರ್ಮಾಮೀಟರ್ ಮಾತ್ರ ಇಲ್ಲ ಎನ್ನುತ್ತಿತ್ತು.

ಆಗ ನಾವು ಮುಂಬೈಯ ಹೊರವಲಯದ ಠಾಕುರ್ಲಿಯಲ್ಲಿ, ಸ್ಟೇಷನ್ನಿಗೆ ಹತ್ತಿರದ ಹಳೆಯ ಕಟ್ಟಡವೊಂದರ ಕೊನೆಯ ಮಹಡಿಯಲ್ಲಿದ್ದೆವು. ನಮ್ಮ ಮೇಲೆ ಟೆರೇಸು, ಟೆರೇಸಿನ ಮೇಲೆ ಸೂರ್ಯ. ಮಾರ್ಚ್ ಬಂತೆಂದರೆ ಸ್ಲ್ಯಾಬು ಹಗಲೆಲ್ಲ ಕಾದು, ಆ ಕಾವನ್ನು ಸಂಜೆಯ ಹೊತ್ತಿಗೆ ನಿಧಾನವಾಗಿ ಒಳಗೆ ಇಳಿಸುತ್ತಿತ್ತು. ಫ್ಯಾನು ಹಾಕಿದರೆ ಅದೇ ಬಿಸಿಗಾಳಿ ಸುತ್ತುತ್ತಿತ್ತು. ಮೈಸೂರಿನಿಂದ ಮದುವೆಯಾಗಿ ಬಂದ ನನಗೆ ಮೊದಲ ಬೇಸಿಗೆಯೇ ಸಾಕುಬೇಕಾಗಿತ್ತು. ಪಕ್ಕದ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಗಂಡನಿಗೆ ಅದು ಸೆಖೆ ಎಂದೇ ಅನ್ನಿಸುತ್ತಿರಲಿಲ್ಲ. ನಮ್ಮ ಜೊತೆಗಿದ್ದ ಅತ್ತೆ ಉಡುಪಿಯ ಕಡೆಯವರು. ಮಾವ ಹೋಟೆಲಿನ ಕೆಲಸಕ್ಕೆಂದು ಇತ್ತ ಬಂದಾಗ ಅವರ ಹಿಂದೆಯೇ ಬಂದವರು. ಮಾವ ತೀರಿಕೊಂಡ ಮೇಲೂ ಊರಿಗೆ ಹೋಗುವ ಯೋಚನೆ ಮಾಡಲಿಲ್ಲ. ಮಗನ ಜೊತೆ ತುಳು, ನನ್ನ ಜೊತೆ ಅವರ ಊರಿನ ಕನ್ನಡ, ತರಕಾರಿಯವಳ ಜೊತೆ ಮರಾಠಿ, ಹೀಗೆ ಬೆಳಗಿನಿಂದ ಸಂಜೆಯ ತನಕ ಮೂರು ಭಾಷೆಗಳಲ್ಲಿ ಮನೆ ನಡೆಸುತ್ತಿದ್ದರು.

ಮಗು ಹುಟ್ಟಿದ್ದು ಮಳೆಗಾಲದ ಆರಂಭಕ್ಕೆ. ಮಳೆ, ಚಳಿ ಕಳೆಯುವ ತನಕ ಚೆನ್ನಾಗಿಯೇ ಇತ್ತು. ಫೆಬ್ರವರಿ ಕಳೆಯುತ್ತಿದ್ದಂತೆ ಜ್ವರ ಶುರುವಾಯಿತು. ಮಧ್ಯಾಹ್ನವಾದರೆ ಮೈ ಕೆಂಡ, ಮುಖ ಕೆಂಪು, ಉಸಿರು ಜೋರು. ಹಾಲು ಬೇಡ, ಎತ್ತಿಕೊಂಡರೆ ಇನ್ನೂ ಅಳು. ಕೆಳಗೆ ಬಿಟ್ಟರೆ ಅಂಬೆಗಾಲಿಟ್ಟು ಅಡುಗೆಮನೆಗೆ ಹೋಗಿ, ನೀರಿನ ಮಡಕೆಯ ಪಕ್ಕ, ಮೊಸಾಯಿಕ್ ನೆಲಕ್ಕೆ ಕೆನ್ನೆ ಒತ್ತಿ ಮಲಗಿಬಿಡುತ್ತಿತ್ತು. ಅತ್ತೆ ಓಡಿಹೋಗಿ ಎತ್ತುತ್ತಿದ್ದರು.

"ಎಂತ ಮಗುವಪ್ಪ ಇದು! ಜ್ವರದಲ್ಲಿ ತಣ್ಣಗಿನ ನೆಲದಲ್ಲಿ ಮಲಗುದಾ? ಶೀತ ಎದೆಗೆ ಇಳೀತದೆ" ಎನ್ನುತ್ತ ಫ್ಲಾನೆಲ್ ಬಟ್ಟೆ ಸುತ್ತುತ್ತಿದ್ದರು. ಸುತ್ತಿದಷ್ಟೂ ಜ್ವರ ಏರುತ್ತಿತ್ತು. ಅದು ನಮಗೆ ಕಾಣುತ್ತಿತ್ತು, ಆದರೆ ಅರ್ಥವಾಗುತ್ತಿರಲಿಲ್ಲ. ಜ್ವರದ ಸಿರಪ್ ಕುಡಿಸಿದರೂ ಇಳಿಯುತ್ತಿರಲಿಲ್ಲ.

ನಾನು ಮಗುವನ್ನು ಎದೆಗವಚಿಕೊಂಡು ರಿಕ್ಷಾ ಹಿಡಿದು ಡೊಂಬಿವಲಿಯ ಮಕ್ಕಳ ಡಾಕ್ಟರರ ಬಳಿಗೆ ಓಡುತ್ತಿದ್ದೆ. ಅವರ ದವಾಖಾನೆ ಮಾರ್ಕೆಟ್ಟಿನ ಮಧ್ಯದಲ್ಲಿತ್ತು. ಗಾಜಿನ ಬಾಗಿಲು, ಒಳಗೆ ಒಳ್ಳೆಯ ಎಸಿ, ಯಾವಾಗಲೂ ಜನ. ನಮ್ಮ ಸರದಿ ಬರುವಷ್ಟರಲ್ಲಿ ಬಹಳ ಹೊತ್ತಾಗುತ್ತಿತ್ತು. ಅಷ್ಟರಲ್ಲಿ ಮಗು ನನ್ನ ತೊಡೆಯಿಂದ ಇಳಿದು ಪಕ್ಕದವರ ಚೀಲ ಎಳೆಯುತ್ತ ಕೇಕೆ ಹಾಕುತ್ತಿರುತ್ತಿತ್ತು. ಡಾಕ್ಟರರ ಮುಂದೆ ಕೂರಿಸಿದರೆ ಮೈ ತಣ್ಣಗೆ, ಥರ್ಮಾಮೀಟರಿನಲ್ಲಿ ತೊಂಬತ್ತೆಂಟು.

"ಬುಖಾರ್ ಕಿಧರ್ ಹೈ?" ಜ್ವರ ಎಲ್ಲಿದೆ ಎಂದು ಅವರು ಮೊದಲ ಸಲ ನಗುತ್ತಲೇ ಕೇಳಿದರು.

ಹೀಗೆ ಮತ್ತೆ ಮತ್ತೆ ಆದಾಗ ನಗಲಿಲ್ಲ. ಆದರೂ ಪಾಪ, ನನ್ನ ಸಮಾಧಾನಕ್ಕೆ ಮಲೇರಿಯಾ, ಟೈಫಾಯ್ಡ್, ಮೂತ್ರ, ರಕ್ತ ಎಲ್ಲ ಪರೀಕ್ಷೆ ಮಾಡಿಸಿದರು. ಎಲ್ಲ ಸರಿಯಾಗಿತ್ತು. ಒಮ್ಮೆ ನನ್ನ ಗಂಡನನ್ನು ಪಕ್ಕಕ್ಕೆ ಕರೆದು, ಮೊದಲ ಮಗು, ತಾಯಿಗೆ ಗಾಬರಿ ಜಾಸ್ತಿ, ಸ್ವಲ್ಪ ದಿನ ತವರಿಗೆ ಕಳಿಸಿ ಎಂದರಂತೆ. ಗಂಡ ಅದನ್ನು ನನಗೆ ಹೇಳದೆ ಮೂರನೆಯ ಥರ್ಮಾಮೀಟರ್ ತಂದ. ನನ್ನ ಮಾತನ್ನು ನಂಬಿದ್ದೇನೆ ಎಂದು ತೋರಿಸಲು ಅವನಿಗೆ ಗೊತ್ತಿದ್ದ ದಾರಿ ಅದೊಂದೇ ಇರಬೇಕು.

ಆ ತಿಂಗಳುಗಳಲ್ಲಿ ನಾನು ಯಾರಿಗೂ ಹೇಳದ ಒಂದು ಭಯವಿತ್ತು. ನಮ್ಮ ಆಫೀಸಿನಲ್ಲಿ ಒಬ್ಬರ ಮಗುವಿಗೆ ಹೀಗೆಯೇ ಕಾರಣವಿಲ್ಲದ ಜ್ವರ ಬಂದು, ಕೊನೆಗೆ ರಕ್ತದ ಕ್ಯಾನ್ಸರ್ ಎಂದು ತಿಳಿದಿತ್ತು. ನನ್ನ ಕೆಲಸ ನವಿ ಮುಂಬೈಯ ಘಣಸೋಲಿಯಲ್ಲಿ, ಕಂಪ್ಯೂಟರ್ ಕಂಪನಿಯೊಂದರ ಲೆಕ್ಕದ ವಿಭಾಗದಲ್ಲಿ. ಠಾಕುರ್ಲಿಯಿಂದ ಲೋಕಲ್ ರೈಲಿನಲ್ಲಿ ಠಾಣೆ, ಅಲ್ಲಿ ಗಾಡಿ ಬದಲಿಸಿ ಘಣಸೋಲಿ. ಆ ದಾರಿಯುದ್ದಕ್ಕೂ ಆ ಒಂದು ಪದವನ್ನು ಮನಸ್ಸಿನೊಳಗೆ ಬರಗೊಡದೆ ಕಿಟಕಿಯ ಆಚೆ ನೋಡುತ್ತಿದ್ದೆ.

ಮೇ ತಿಂಗಳಿನ ಒಂದು ಮಧ್ಯಾಹ್ನ ದವಾಖಾನೆಗೆ ಹೋದರೆ ಗಾಜಿನ ಬಾಗಿಲಿಗೆ ಸ್ಟೂಲು ಒರಗಿಸಿ ತೆರೆದಿಟ್ಟಿದ್ದರು. ಎಸಿ ಕೆಟ್ಟಿತ್ತು. ಜನ ರಿಪೋರ್ಟಿನ ಫೈಲುಗಳಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಡಾಕ್ಟರರ ಅಂಗಿ ಬೆನ್ನಿಗೆ ಅಂಟಿತ್ತು. ಅಂದು ಮಗು ಆಡಲಿಲ್ಲ, ನನ್ನ ಹೆಗಲ ಮೇಲೆ ಬಿದ್ದುಕೊಂಡಿತ್ತು. ಡಾಕ್ಟರರು ಥರ್ಮಾಮೀಟರ್ ತೆಗೆದು ನೋಡಿದರು, ಕೊಡವಿ ಮತ್ತೆ ಇಟ್ಟರು. ನೂರಾಮೂರು.

ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮಗುವಿನ ಹಣೆ ಮುಟ್ಟಿದರು, ಕತ್ತಿನ ಹಿಂದೆ, ಕಂಕುಳಲ್ಲಿ, ಬೆನ್ನಿನ ಮೇಲೆ ಕೈ ಆಡಿಸಿದರು. ಆಮೇಲೆ ತಮ್ಮ ಒದ್ದೆ ಕತ್ತನ್ನು ಮುಟ್ಟಿಕೊಂಡು ನನ್ನನ್ನು ನೋಡಿದರು.

"ಇವನು ಬೆವರುವುದನ್ನು ಯಾವತ್ತಾದರೂ ನೋಡಿದ್ದೀರಾ?" ಎಂದು ಹಿಂದಿಯಲ್ಲಿ ಕೇಳಿದರು.

ನಾನು ಯೋಚಿಸಿದೆ. ಕಟ್ಟಡದ ಮಕ್ಕಳಿಗೆಲ್ಲ ಮೈತುಂಬ ಬೆವರುಸಾಲೆ ಎದ್ದಾಗ ಅತ್ತೆ ಹೆಮ್ಮೆಯಿಂದ, ನಮ್ಮ ಮಗುವಿಗೆ ಒಂದು ಗುಳ್ಳೆಯೂ ಇಲ್ಲ ನೋಡಿ ಎಂದು ಹೇಳಿಕೊಳ್ಳುತ್ತಿದ್ದರು. ಹಾಲು ಕುಡಿಯುವಾಗ ಮಕ್ಕಳ ತಲೆ ಒದ್ದೆಯಾಗುತ್ತದೆ ಎಂದು ಅಮ್ಮ ಹೇಳಿದ್ದಳು. ನನ್ನ ತೋಳು ಒದ್ದೆಯಾಗುತ್ತಿತ್ತು, ಅವನ ತಲೆ ಒಣಗಿಯೇ ಇರುತ್ತಿತ್ತು.

"ಇಲ್ಲ," ಎಂದೆ.

ಅವರು ಮಗುವಿನ ಬಾಯಿ ತೆರೆಸಿದರು. ಬಂದಿದ್ದದ್ದು ಒಂದೇ ಹಲ್ಲು, ಅದೂ ಮೊನಚಾಗಿತ್ತು. ಹತ್ತಿಯ ಎಳೆಯಂತಿದ್ದ ಕೂದಲನ್ನು ನೋಡಿದರು. ಆಮೇಲೆ ನನಗೇ, "ಮ್ಯಾಡಮ್, ಈಗ ನೀವು ಬಾಯಿ ತೆರೆಯಿರಿ" ಎಂದರು. ನಾನು ಕಕ್ಕಾಬಿಕ್ಕಿಯಾಗಿ ತೆರೆದೆ. ನನಗೆ ಮೇಲಿನ ಸಾಲಿನಲ್ಲಿ ಎರಡು ಹಲ್ಲುಗಳು ಹುಟ್ಟಲೇ ಇಲ್ಲ. ಚಿಕ್ಕಂದಿನಿಂದ ಅದು ಹಾಗೆಯೇ, ನಗುವಾಗ ತುಟಿಯನ್ನು ಸ್ವಲ್ಪ ಬಿಗಿಹಿಡಿಯುವುದು ಅಭ್ಯಾಸವಾಗಿತ್ತು. ಅವರು ಟಾರ್ಚು ಆರಿಸಿ, ನಿಮ್ಮ ತಾಯಿಯ ಕಡೆ ಹಲ್ಲು ಕಡಿಮೆ ಇರುವ ಗಂಡಸರು ಯಾರಾದರೂ ಇದ್ದಾರಾ, ಸೆಖೆ ತಡೆಯದವರು, ಎಂದು ಕೇಳಿದರು.

ಇದ್ದರು. ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಅವಳು ಅರ್ಧ ಕೇಳುವಷ್ಟರಲ್ಲೇ ಕೂಗಿದಳು: "ಅಯ್ಯೋ, ನಿಮ್ಮ ಮಾವನ ಥರಾನೇ ಕಣೇ! ಚಿಕ್ಕವನಿದ್ದಾಗ ಬೇಸಿಗೆಯೆಲ್ಲ ನೀರಿನ ತೊಟ್ಟಿಯಲ್ಲೇ ಕೂತಿರ್ತಿದ್ದ. ನಮ್ಮಪ್ಪ ಹೊಡೆದು ಹೊಡೆದು ಎಬ್ಬಿಸ್ತಿದ್ರು. ಉಷ್ಣದ ಮೈ ಅಂತಿದ್ವಿ."

ನನ್ನ ಸೋದರಮಾವ. ಇಪ್ಪತ್ತರ ವಯಸ್ಸಿಗೇ ಕಟ್ಟಿಸಿದ ಹಲ್ಲು, ತೆಳ್ಳಗಿನ ಕೂದಲು, ಹೆಗಲ ಮೇಲೆ ಸದಾ ಒಂದು ಒದ್ದೆ ಟವೆಲು. ನಾವು ಮಕ್ಕಳೆಲ್ಲ ಅವರನ್ನು ಒದ್ದೆ ಮಾವ ಎಂದೇ ಕರೆಯುತ್ತಿದ್ದೆವು. ಅವರಿಗೆ ಅದಾಗಲೇ ಅರವತ್ತರ ಹತ್ತಿರ. ಗಟ್ಟಿಮುಟ್ಟಾಗಿದ್ದರು.

ಮುಂಬೈಯ ದೊಡ್ಡ ಆಸ್ಪತ್ರೆಯೊಂದರಲ್ಲಿ ನಮ್ಮ ಡಾಕ್ಟರರ ಅನುಮಾನ ಖಚಿತವಾಯಿತು. ಮಗುವಿನ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಇಲ್ಲವೆನ್ನುವಷ್ಟು ಕಡಿಮೆ. ಹಲ್ಲು, ಕೂದಲು ಕಡಿಮೆಯಿರುವುದೂ ಅದರ ಜೊತೆಯದೇ, ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿದು ಬರುವಂಥದ್ದು. ಹೊರಗಿನ ಸೆಖೆ ಏರಿದರೆ ಅವನ ಮೈಯೂ ಏರುತ್ತದೆ, ಇಳಿಸಿಕೊಳ್ಳುವ ದಾರಿ ಮೈಗೆ ಗೊತ್ತಿಲ್ಲ. ಔಷಧಿ ಇಲ್ಲ. ಆದರೆ ತಂಪಾಗಿಟ್ಟರೆ ಅವನು ಎಲ್ಲ ಮಕ್ಕಳ ಹಾಗೆಯೇ. ಬುದ್ಧಿಗೆ, ಬೆಳವಣಿಗೆಗೆ ಏನೂ ತೊಂದರೆಯಿಲ್ಲ, ಹಲ್ಲು ಕಟ್ಟಿಸಬಹುದು. ಕೋಣೆಯನ್ನು ಇಪ್ಪತ್ನಾಲ್ಕು ಡಿಗ್ರಿಯ ಆಸುಪಾಸಿನಲ್ಲಿಡಿ, ಬಿಸಿನೀರಿನ ಸ್ನಾನ ಬೇಡ, ಹೊರಗೆ ಹೋಗುವಾಗ ಅಂಗಿ ಒದ್ದೆ ಮಾಡಿ ಎಂದರು.

ಹೊರಗೆ ಬಂದು ಟ್ಯಾಕ್ಸಿಗಾಗಿ ನಿಂತಾಗ ಗಂಡ ರಿಪೋರ್ಟನ್ನು ಮತ್ತೊಮ್ಮೆ ಬಿಡಿಸಿ ಓದಿದ. ಆಮೇಲೆ, "ಅಂದ್ರೆ ಇದು ಬರೀ ಸೆಖೆಯಾ? ಇಷ್ಟು ದಿನ ನಾವು ಹೆದರಿದ್ದು ಸೆಖೆಗಾ?" ಎಂದ. ನಾನು ಫುಟ್‌ಪಾತಿನ ಮೇಲೆಯೇ ಕೂತು ಅತ್ತುಬಿಟ್ಟೆ. ಹೋಗುವವರೆಲ್ಲ ನೋಡಿದರು. ಆಸ್ಪತ್ರೆಯ ಮುಂದೆ ಅಳುವವರನ್ನು ನೋಡಿ ಏನು ತಿಳಿಯುತ್ತಾರೋ ಅದನ್ನೇ ತಿಳಿದುಕೊಂಡಿರಬೇಕು. ಕಡಲೆಕಾಯಿ ಮಾರುವ ಹೆಂಗಸೊಬ್ಬಳು ಬಂದು ಬೆನ್ನು ಸವರಿ, "ರಡೂ ನಕೋ ಬಾಯೀ" ಎಂದಳು, ಅಳಬೇಡ ಎಂದು. ಒಳ್ಳೆಯ ಸುದ್ದಿಗೆ ಅಳುತ್ತಿದ್ದೇನೆ ಎಂದು ಅವಳಿಗೆ ಹೇಳಲು ನನ್ನ ಮರಾಠಿ ಸಾಲಲಿಲ್ಲ.

ಆ ವಾರವೇ ಮೈಸೂರಿನಿಂದ ಒದ್ದೆ ಮಾವ ಬಂದರು. ಕಲ್ಯಾಣ ಸ್ಟೇಷನ್ನಿನಲ್ಲಿ ಇಳಿದು, ದಾರಿಯುದ್ದಕ್ಕೂ ಟವೆಲನ್ನು ನಲ್ಲಿಗಳಲ್ಲಿ ನೆನೆಸಿಕೊಂಡು ಮನೆ ತಲುಪಿದರು. ಮಗುವನ್ನು ಎದುರಿಗೆ ಕೂರಿಸಿಕೊಂಡು, ತಮ್ಮ ಕಟ್ಟಿಸಿದ ಹಲ್ಲುಗಳನ್ನು ಒಂದು ಸಲ ಹೊರಗೆ ತೆಗೆದು ತೋರಿಸಿದರು. ಮಗು ಬಿದ್ದು ಬಿದ್ದು ನಕ್ಕಿತು. ಅತ್ತೆ ಬಾಗಿಲ ಹತ್ತಿರ ನಿಂತು ಇಬ್ಬರ ಮುಖವನ್ನೂ ಮತ್ತೆ ಮತ್ತೆ ನೋಡುತ್ತಿದ್ದರು. ಅದೇ ಹಣೆ, ಅದೇ ತುಟಿ.

"ನಾನು ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರ್ಕೊಂಡಿದ್ದು ಯಾಕೆ ಗೊತ್ತೇನಮ್ಮ?" ಎಂದು ಮಾವ ನನ್ನನ್ನು ಕೇಳಿದರು. "ಆಗ ಊರಲ್ಲಿ ಎಸಿ ಇದ್ದಿದ್ದು ಸಿನಿಮಾ ಟಾಕೀಸಲ್ಲಿ, ಎಕ್ಸ್‌ಚೇಂಜಲ್ಲಿ. ಅದೂ ಯಂತ್ರಗಳಿಗೆ ಹಾಕಿದ್ದು, ನಮಗಲ್ಲ. ಯಂತ್ರದ ಪಕ್ಕ ಕೂತು ನಾನೂ ಬದುಕ್ಕೊಂಡೆ. ನಿನ್ನ ಮಗನಿಗೆ ಎಕ್ಸ್‌ಚೇಂಜ್ ಬೇಡ. ಒಂದು ಎಸಿ ತಗೋ, ಸಾಕು."

ಗಂಡ ಕಲ್ಯಾಣದಿಂದ ಒಂದು ವಿಂಡೋ ಎಸಿ ತಂದ. ಮಲಗುವ ಕೋಣೆಯ ಕಿಟಕಿಯ ಕೆಳಗೆ ಗೋಡೆ ಒಡೆಸಿ ಕೂರಿಸಿದರು. ಅದರ ಮುಖದ ಮೇಲೆ ಎರಡು ತಿರುಗುಬಿರಡೆಗಳು. ಒಂದು ಫ್ಯಾನಿಗೆ, ಇನ್ನೊಂದು ಥರ್ಮೋಸ್ಟಾಟಿನದು. ಥರ್ಮೋಸ್ಟಾಟಿನ ಸುತ್ತ ಒಂದರಿಂದ ಏಳರವರೆಗೆ ಅಂಕಿಗಳಿದ್ದವೇ ಹೊರತು ಡಿಗ್ರಿ ಎಂಬುದು ಎಲ್ಲೂ ಇರಲಿಲ್ಲ. ಡಾಕ್ಟರು ಹೇಳಿದ ಇಪ್ಪತ್ನಾಲ್ಕು ಈ ಒಂದರಿಂದ ಏಳರಲ್ಲಿ ಎಲ್ಲಿದೆ? ಗಂಡ ಗೋಡೆಗೆ ತೂಗುಹಾಕುವ ಥರ್ಮಾಮೀಟರೊಂದನ್ನು ತಂದು ಮಂಚದ ತಲೆಯ ಕಡೆ ಮೊಳೆ ಹೊಡೆದು ನೇತುಹಾಕಿದ. ಭಾನುವಾರವೆಲ್ಲ ಬಿರಡೆಯನ್ನು ಚೂರುಚೂರೇ ತಿರುಗಿಸಿ, ಕಾದು, ಗೋಡೆ ನೋಡಿ, ಮತ್ತೆ ತಿರುಗಿಸಿ, ಕೊನೆಗೆ ನಾಲ್ಕು ಮತ್ತು ಐದರ ನಡುವೆ ಒಂದು ಜಾಗ ಸಿಕ್ಕಿತು. ನನ್ನ ಕೆಂಪು ನೇಲ್ ಪಾಲಿಶಿನಿಂದ ಅಲ್ಲಿ ಒಂದು ಚುಕ್ಕೆ ಇಟ್ಟ.

ಮಾರನೆಯ ದಿನ ನಾನು ಕೆಲಸದಿಂದ ಬಂದಾಗ ಬಿರಡೆ ಎಲ್ಲಕ್ಕಿಂತ ಕಡಿಮೆ ತಂಪಿನ ಒಂದಕ್ಕೆ ಬಂದಿತ್ತು. ಅದರ ಮಾರನೆಯ ದಿನ ಎಸಿಯೇ ಬಂದ್ ಆಗಿತ್ತು, ಮಗು ಕೆಂಪಾಗಿ ನೆಲದ ಮೇಲೆ ಮಲಗಿತ್ತು.

"ಅತ್ತೆ, ಯಾಕೆ ಬಂದ್ ಮಾಡಿದ್ರಿ?"

"ಇನ್ನೆಂತ ಮಾಡುದು? ಅದು ತಂಪು ಮಾಡ್ತಾ ಮಾಡ್ತಾ ಹೋಗ್ತದೆ. ನಾನು ಮಧ್ಯಾಹ್ನ ಕಣ್ಣು ಮುಚ್ಚಿ ನಿದ್ರೆ ಮಾಡಿದ್ರೆ, ಎದ್ದಾಗ ಮಗು ಐಸಿನ ಹಾಗೆ ಆಗಿರ್ತದೆ. ಒಲೆಯಲ್ಲಿ ನೀರಿಟ್ಟು ಮರೆತ್ರೆ ಪಾತ್ರೆ ತಳ ಹಿಡಿಯುದಿಲ್ವಾ? ಹಾಗೆ."

ಆಗ ನನಗೆ ಹೊಳೆಯಿತು. ಅವರು ಹಟ ಮಾಡುತ್ತಿರಲಿಲ್ಲ. ಎಸಿ ಎಂದರೆ ಅವರ ಲೆಕ್ಕದಲ್ಲಿ ಆರಿಸುವವರೆಗೂ ಉರಿಯುವ ಒಲೆ, ತಿರುಗುಮುರುಗಾದ ಒಲೆ. ಅದು ತಾನಾಗಿ ನಿಲ್ಲುತ್ತದೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಗಂಡನಿಗೆ ಹೇಳಿದೆ. ಅವನು ಅಮ್ಮನನ್ನು ಕೋಣೆಗೆ ಕರೆದುಕೊಂಡು ಹೋಗಿ ಎಸಿಯ ಮುಂದಿನ ಜಾಲರಿ ತೆಗೆದ. ಒಳಗೆ ತಣ್ಣಗಾಗುವ ಕೊಳವೆಗಳ ಮುಂದೆ ಬೆರಳುದ್ದದ ತಾಮ್ರದ ಕಡ್ಡಿಯೊಂದು ಇತ್ತು. ನನಗೂ ತಿಳಿಯಲೆಂದು ತುಳು ಬಿಟ್ಟು ಕನ್ನಡದಲ್ಲೇ ಕೇಳಿದ.

"ಅಮ್ಮ, ಬಚ್ಚಲಿನ ಗೀಸರ್ ಉಂಟಲ್ಲ, ಅದರ ಕೆಂಪು ಲೈಟು ಏನಾಗ್ತದೆ?"

"ನೀರು ಬಿಸಿ ಆದ ಮೇಲೆ ಆರ್ತದೆ."

"ಯಾರು ಆರಿಸುದು?"

ಅತ್ತೆ ಬಚ್ಚಲಿನ ಕಡೆ ತಿರುಗಿ ನೋಡಿದರು.

"ಅದರ ಒಳಗೊಂದು ಥರ್ಮೋಸ್ಟಾಟ್ ಉಂಟು. ನೀರು ಸಾಕಷ್ಟು ಬಿಸಿ ಆಯ್ತು ಅಂತ ಗೊತ್ತಾದ ಕೂಡಲೇ ಕರೆಂಟ್ ನಿಲ್ಲಿಸ್ತದೆ. ಇಲ್ಲೂ ಅದೇ. ಕೋಣೆಯ ಗಾಳಿ ಈ ಕಡ್ಡಿಯನ್ನು ಮುಟ್ಟಿಕೊಂಡೇ ಒಳಗೆ ಹೋಗುದು. ನಾವು ಇಟ್ಟ ಚುಕ್ಕೆಯಷ್ಟು ತಂಪಾಯ್ತೋ, ಇದು ಮಿಷನನ್ನು ನಿಲ್ಲಿಸ್ತದೆ. ಬರೀ ಫ್ಯಾನ್ ತಿರುಗ್ತದೆ. ಸೆಖೆ ಆದ್ರೆ ಪುನಃ ಶುರು ಮಾಡ್ತದೆ. ಕೇಳಿ ಬೇಕಾದ್ರೆ."

ಮೂವರೂ ಮಂಚದ ಮೇಲೆ ಕೂತು ಕೇಳಿದೆವು. ಮಗು ಅತ್ತೆಯ ತೊಡೆಯ ಮೇಲಿತ್ತು. ಮಿಷನ್ ಗುಂಯ್ ಎನ್ನುತ್ತಿತ್ತು. ಬಹಳ ಹೊತ್ತಾದ ಮೇಲೆ ಟಕ್ ಎಂದಿತು, ಸದ್ದು ಇಳಿದು ಫ್ಯಾನಿನ ಗಾಳಿ ಮಾತ್ರ ಉಳಿಯಿತು. ಅತ್ತೆ ಗೋಡೆಯ ಥರ್ಮಾಮೀಟರ್ ನೋಡಿದರು. ಮಿಷನ್ ಮತ್ತೆ ಎದ್ದು ಗುಂಯ್ ಎಂದಾಗ ಇನ್ನೊಮ್ಮೆ ನೋಡಿದರು.

"ಹಾಗಾದ್ರೆ ಇದಕ್ಕೆ ಬುದ್ಧಿ ಉಂಟು," ಎಂದರು. "ಇದನ್ನು ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

ಆಮೇಲೆ ಆ ಚುಕ್ಕೆಯಿಂದ ಬಿರಡೆ ಕದಲಲಿಲ್ಲ. ಮನೆಗೆ ಬಂದ ನೆಂಟರಲ್ಲಿ ಯಾರಾದರೂ ಕೈ ಹಾಕಲು ಹೋದರೆ ಅತ್ತೆ ಗದರುತ್ತಿದ್ದರು. ಗೀಸರಿನ ಮೈಗಿದ್ದ ಬಿರಡೆಯನ್ನೂ ಮಗನಿಂದ ತಗ್ಗಿಸಿದರು. ಮೈ ಸುಡುವ ನೀರಿಲ್ಲದೆ ಸ್ನಾನ ಸ್ನಾನವೇ ಅಲ್ಲ ಎನ್ನುತ್ತಿದ್ದವರು, ಮಗು ಅಕಸ್ಮಾತ್ತಾಗಿ ನಲ್ಲಿ ತಿರುಗಿಸಿದರೆ ಎಂದು ಉಗುರುಬೆಚ್ಚಗಿನ ನೀರಿಗೇ ಒಗ್ಗಿಕೊಂಡರು. ಆ ಬೇಸಿಗೆ ಮುಗಿಯುವಷ್ಟರಲ್ಲಿ ಮಗ ಅಂಬೆಗಾಲು ಬಿಟ್ಟು ನಡೆಯುತ್ತಿದ್ದ. ಮೂರೂ ಥರ್ಮಾಮೀಟರುಗಳು ಕಪಾಟಿನ ಹಿಂದೆ ಸೇರಿದವು.

ಅವನು ಶಾಲೆಗೆ ಸೇರಿದ ವರ್ಷ ಹಳೆಯ ಎಸಿ ಸದ್ದು ಮಾಡತೊಡಗಿತು. ಬದಲಿಗೆ ರಿಮೋಟ್ ಇರುವ ಸ್ಪ್ಲಿಟ್ ಎಸಿ ಬಂತು. ಅದರಲ್ಲಿ ಡಿಗ್ರಿಯೇ ಕಾಣುತ್ತಿತ್ತು, ಟೈಮರೂ ಇತ್ತು. ಬೆಳಿಗ್ಗೆ ಹೊರಡುವ ಮೊದಲು ನಾನು ಟೈಮರ್ ಇಟ್ಟುಬಿಡುತ್ತಿದ್ದೆ. ಮಗನ ಶಾಲೆಯ ವ್ಯಾನು ಬರುವುದಕ್ಕೆ ಸ್ವಲ್ಪ ಮೊದಲು ಎಸಿ ತಾನಾಗಿ ಶುರುವಾಗಿ, ಅವನು ಒಳಗೆ ಬರುವಾಗ ಕೋಣೆ ತಣ್ಣಗಾಗಿರುತ್ತಿತ್ತು. ಶಾಲೆಯವರು ಅವನನ್ನು ಫ್ಯಾನಿನ ಕೆಳಗೆ ಕೂರಿಸುತ್ತಿದ್ದರು, ಆಟದ ಪಿರಿಯಡ್ಡಿನಲ್ಲಿ ಬನಿಯನ್ ಒದ್ದೆ ಮಾಡಿಕೊಳ್ಳಲು ಬಿಡುತ್ತಿದ್ದರು. ವ್ಯಾನಿನ ಪ್ರಯಾಣವೊಂದು ಕಷ್ಟ. ಮನೆ ತಲುಪುವಾಗ ಅವನ ಮುಖ ಕೆಂಪಾಗಿಯೇ ಇರುತ್ತಿತ್ತು. ಆ ತಣ್ಣನೆಯ ಕೋಣೆಯ ಭರವಸೆಯ ಮೇಲೆಯೇ ನಾನು ಘಣಸೋಲಿಯಲ್ಲಿ ಕೂತು ಕೆಲಸ ಮಾಡುತ್ತಿದ್ದೆ. ಅತ್ತೆಗೆ ಬಿರಡೆ ಒಗ್ಗಿತ್ತು, ರಿಮೋಟ್ ಒಗ್ಗಲಿಲ್ಲ. ಇಷ್ಟು ಗುಂಡಿ ಯಾಕೆ, ಎಂತಾದ್ರೂ ಒತ್ತಿ ಹಾಳಾದ್ರೆ ಎಂದು ಅದನ್ನು ಮುಟ್ಟುತ್ತಲೇ ಇರಲಿಲ್ಲ.

ಆ ಅಕ್ಟೋಬರಿನಲ್ಲಿ, ಮಳೆ ನಿಂತು ಬಿಸಿಲು ಬೆಂಕಿಯಾಗಿದ್ದ ದಿನಗಳಲ್ಲಿ, ನಮ್ಮ ಕಡೆ ಲೋಡ್ ಶೆಡ್ಡಿಂಗ್ ಹೊತ್ತುಗೊತ್ತಿಲ್ಲದೆ ಆಗುತ್ತಿತ್ತು. ಒಂದು ದಿನ ಊಟದ ಹೊತ್ತಿಗೆ ಆಫೀಸಿನಲ್ಲಿ, ಡೊಂಬಿವಲಿಯಿಂದ ಬರುವ ಗೆಳತಿಯೊಬ್ಬಳು ಫೋನಿಟ್ಟು, "ನಮ್ಮ ಕಡೆ ಬೆಳಿಗ್ಗೆಯಿಂದ ಲೈಟ್ ಹೋಗೋದು ಬರೋದು ಮಾಡ್ತಿದೆಯಂತೆ" ಎಂದಳು. ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಕರೆಂಟ್ ಹೋದರೆ ಆ ಎಸಿ ಇಟ್ಟ ಟೈಮರನ್ನು ಮರೆತುಬಿಡುತ್ತಿತ್ತು. ಕರೆಂಟ್ ಮತ್ತೆ ಬಂದರೂ ಯಾರಾದರೂ ಶುರು ಮಾಡುವವರೆಗೂ ಸುಮ್ಮನಿರುತ್ತಿತ್ತು. ಮಗ ಆಗಲೇ ಮನೆ ತಲುಪಿರಬೇಕು. ಮನೆಗೆ ಫೋನ್ ಮಾಡಿದೆ. ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಗಂಡ ಆ ದಿನ ಪುಣೆಗೆ ಹೋಗಿದ್ದ.

ಬ್ಯಾಗು ಎತ್ತಿಕೊಂಡು ಓಡಿದೆ. ಠಾಣೆಯವರೆಗೆ ಹೇಗೋ ಬಂದೆ. ಅಲ್ಲಿಂದ ಹತ್ತಿದ ಸ್ಲೋ ಗಾಡಿ ಮುಂಬ್ರಾ ಸ್ಟೇಷನ್ ದಾಟಿ ನಿಂತುಬಿಟ್ಟಿತು. ಬಯಲ ಮಧ್ಯದಲ್ಲಿ, ಸುಡುವ ಡಬ್ಬಿಯೊಳಗೆ, ಹೆಂಗಸರೆಲ್ಲ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ನನ್ನ ಬೆನ್ನಿನಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಇದರಲ್ಲಿ ಒಂದು ಪಾಲನ್ನು ಅವನಿಗೆ ಕೊಡುವಂತಿದ್ದರೆ ಎಂದು ನಾನು ನಿಜವಾಗಿಯೂ ಯೋಚಿಸಿದೆ. ಫೋನ್ ಮಾಡುತ್ತಲೇ ಇದ್ದೆ. ಎದುರಿಗೆ ಕೂತಿದ್ದ ಅಪರಿಚಿತ ಹೆಂಗಸು ಎದ್ದು ಬಾಗಿಲ ಬಳಿ ನನಗೆ ಜಾಗ ಮಾಡಿಕೊಟ್ಟಳು. ಮಗುವಾ, ಎಂದಷ್ಟೇ ಕೇಳಿದಳು. ತಲೆಯಾಡಿಸಿದೆ. ಗಾಡಿ ಮತ್ತೆ ಹೊರಟಾಗ ಅವಳೂ ನನ್ನ ಜೊತೆಗೇ ಉಸಿರು ಬಿಟ್ಟಳು.

ಮನೆಯ ಬಾಗಿಲು ಚಿಲಕವಿಲ್ಲದೆ ಬರಿದೇ ಮುಂದೆ ಮಾಡಿತ್ತು. ಹಾಲಿನ ನೆಲದ ತುಂಬ ನೀರು. ಒದ್ದೆ ಹೆಜ್ಜೆಗಳ ಹಿಂದೆ ಬಚ್ಚಲಿಗೆ ಹೋದೆ. ಬಟ್ಟೆ ನೆನೆಸುವ ದೊಡ್ಡ ಟಬ್ಬಿನೊಳಗೆ ನನ್ನ ಮಗ ಕತ್ತಿನವರೆಗೂ ನೀರಲ್ಲಿ ಕೂತಿದ್ದ. ತಲೆಯ ಮೇಲೆ ಅತ್ತೆಯ ಒದ್ದೆ ಸೀರೆಯ ತುಂಡು. ಅತ್ತೆ ಪಕ್ಕದಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತು, ಮೈಯೆಲ್ಲ ತೊಯ್ದು, ಚೊಂಬಿನಿಂದ ಅವನ ಹೆಗಲಿಗೆ ನೀರು ಹೊಯ್ಯುತ್ತ ಏನೋ ಕಥೆ ಹೇಳುತ್ತಿದ್ದರು.

"ಮಮ್ಮಿ, ದೇಖ್ ನಾ, ಅಜ್ಜಿ ಭೀ ಗೀಲೀ ಹೋ ಗಯೀ!" ಅಜ್ಜಿಯೂ ಒದ್ದೆಯಾದಳು ನೋಡು ಎಂದು ಅವನು ಕೂಗಿದ.

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಫೋನು ಹೊಡ್ಕೊಳ್ತಾ ಇತ್ತು," ಎಂದರು ಅತ್ತೆ. "ನೀನೇ ಅಂತ ಗೊತ್ತಿತ್ತು. ಆದ್ರೆ ಇವನನ್ನು ನೀರಲ್ಲಿ ಬಿಟ್ಟು ಬರ್ಲಿಕ್ಕೆ ಆಗುದಿಲ್ಲ ಅಲ್ವಾ? ವ್ಯಾನಿಂದ ಇಳಿಯುವಾಗ್ಲೇ ಕಣ್ಣು ತೇಲಿಸ್ತಿದ್ದ. ಕರೆಂಟಿಲ್ಲ. ನಿನ್ನ ಮಾವ ನೀರಿನ ತೊಟ್ಟಿಯಲ್ಲಿ ಬೆಳೆದದ್ದಂತೆ, ಇವನೂ ಬೆಳೀಲಿ ಅಂತ ಎತ್ತಿ ಕೂರಿಸಿದೆ."

ಅವನ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ತುಟಿ ಗುಲಾಬಿಯಾಗಿತ್ತು, ಬೆರಳ ತುದಿಗಳು ನೀರಲ್ಲಿ ನೆನೆದು ಮುದುಡಿದ್ದವು. ನಾನೂ ಅಲ್ಲೇ, ಆಫೀಸಿನ ಬಟ್ಟೆಯಲ್ಲೇ, ನೀರಿನ ಮೇಲೆ ಕೂತುಬಿಟ್ಟೆ. ಅತ್ತೆ ಅರ್ಧ ಚೊಂಬು ನೀರನ್ನು ನನ್ನ ತಲೆಯ ಮೇಲೂ ಹೊಯ್ದರು. "ನಿನ್ನದೂ ಮುಖ ಕೆಂಪಾಗಿದೆ," ಎಂದರು. ಮಗ ನಕ್ಕ ನಗುವಿಗೆ ನಾನೂ ನಕ್ಕೆ. ಆ ನಗು ಎಲ್ಲಿ ಅಳುವಾಯಿತೋ ಗೊತ್ತಾಗಲಿಲ್ಲ. ಅತ್ತೆ ನನ್ನ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

ಅಷ್ಟರಲ್ಲಿ ಹಾಲಿನಲ್ಲಿ ಫ್ರಿಜ್ ಗುರುಗುಟ್ಟಿತು. ಕರೆಂಟ್ ಬಂದಿತ್ತು. ನಾನು ಏಳುವ ಮೊದಲೇ ಅತ್ತೆ ಗೋಡೆ ಹಿಡಿದು ಎದ್ದರು, ಸೀರೆ ಹಿಂಡಿಕೊಂಡು ಕೋಣೆಗೆ ಹೋದರು. ಅಲ್ಲಿಂದ ಅವರ ದನಿ ಕೇಳಿತು: "ದೊಡ್ಡ ಗುಂಡಿ ಒತ್ತಿದ್ರೆ ಶುರುವಾಗುದಾ? ಆಯ್ತು, ಶುರುವಾಯ್ತು! ಇಪ್ಪತ್ತೇಳು ಅಂತ ಉಂಟು. ಕೆಳಗೆ ಬಾಣ ಇರುವ ಗುಂಡಿ ಒತ್ತುದಾ?"

"ಹೌದು ಅತ್ತೆ. ಇಪ್ಪತ್ನಾಲ್ಕು ಬರುವ ತನಕ."

ಪೀಂ, ಪೀಂ, ಪೀಂ ಎಂದು ಮೂರು ಸಲ ಸದ್ದಾಯಿತು.

"ಬಂತು," ಎಂದರು ಅತ್ತೆ. "ಇಷ್ಟೇನಾ?"

ಮರುದಿನ ಗಂಡ ಇನ್ವರ್ಟರ್ ತಂದು ಎರಡು ಫ್ಯಾನುಗಳಿಗೆ ಜೋಡಿಸಿದ. ಎಸಿಯ ಟೈಮರನ್ನು ನಾವು ಬಿಡಲಿಲ್ಲ. ಆದರೆ ಅಂದಿನಿಂದ ಮಧ್ಯಾಹ್ನ ಅದು ಶುರುವಾಯಿತೋ ಇಲ್ಲವೋ ಎಂದು ಅತ್ತೆ ಬಾಗಿಲಲ್ಲಿ ನಿಂತು ನೋಡಿಕೊಂಡೇ ವ್ಯಾನಿಗಾಗಿ ಕೆಳಗೆ ಇಳಿಯುತ್ತಿದ್ದರು. ಪಕ್ಕದ ಮನೆಯ ಮರಾಠಿ ಅಜ್ಜಿಗೆ ಟೈಮರ್ ಇಡುವುದನ್ನು ಅವರೇ ಹೇಳಿಕೊಟ್ಟರಂತೆ. ಮೋಡ ಕವಿದ ದಿನ ಇಪ್ಪತ್ತಾರು ಸಾಕು, ಸುಮ್ಮನೆ ಕರೆಂಟ್ ಯಾಕೆ ಸುಡುವುದು ಎಂದು ಯಾರನ್ನೂ ಕೇಳದೆ ತೀರ್ಮಾನ ಮಾಡುತ್ತಿದ್ದರು. ಅದೂ ಸರಿಯಾಗಿಯೇ ಇರುತ್ತಿತ್ತು.

ನಾವು ಘಣಸೋಲಿಗೆ ಮನೆ ಬದಲಿಸುವಾಗ ಮಗನಿಗೆ ಹತ್ತು ದಾಟಿತ್ತು. ನಡುವಿನ ಮಹಡಿಯ ಮನೆ, ಟೆರೇಸಿನ ಕಾವಿಲ್ಲ. ಅವನ ಹಲ್ಲಿಗೆ ಪುಟ್ಟ ಸೆಟ್ಟು ಕಟ್ಟಿಸಿದ್ದೆವು. ಫುಟ್ಬಾಲಿನ ಹುಚ್ಚು ಹಿಡಿದಿತ್ತು, ಅದಕ್ಕೆಂದು ಎರಡು ಜರ್ಸಿಗಳನ್ನು ಬಕೆಟ್ಟಿನಲ್ಲಿ ನೆನೆಸಿಕೊಂಡು ಹೋಗುತ್ತಿದ್ದ. ಯಾಕೆ ಒದ್ದೆಯಾಗಿದ್ದೀಯ ಎಂದು ಕೇಳಿದವರಿಗೆ ಮರಾಠಿಯಲ್ಲೋ ಹಿಂದಿಯಲ್ಲೋ ತಾನೇ ವಿವರಿಸುತ್ತಿದ್ದ, ನಾಚಿಕೆಯಿಲ್ಲದೆ.

ಮೊದಲ ಸಲ ಶಾಲೆಯವರು ನಾಲ್ಕು ದಿನದ ಪ್ರವಾಸ ಕರೆದುಕೊಂಡು ಹೋದಾಗ, ಕಳಿಸುವುದೋ ಬೇಡವೋ ಎಂದು ನಾವು ಗಂಡಹೆಂಡತಿ ಒಂದು ವಾರ ಜಗಳವಾಡಿದೆವು. ಅತ್ತೆ ಮಧ್ಯೆ ಬಂದು, "ಅವನು ಹೋಗ್ಲಿ. ಅವನ ಮಿಷನ್ ಅವನಿಗೆ ಗೊತ್ತುಂಟು" ಎಂದರು. ಹೋದ. ದಿನಕ್ಕೊಂದು ಸಲ ಟೀಚರ್ ಫೋನಿನಿಂದ, ಚೆನ್ನಾಗಿದ್ದೀನಿ ಎಂದು ಎರಡು ನಿಮಿಷ ಮಾತಾಡಿ ಇಡುತ್ತಿದ್ದ. ಅವನು ಹೇಳುವ ಮೊದಲೇ ನನಗೆ ಅವನ ದನಿಯಿಂದಲೇ ಗೊತ್ತಾಗುತ್ತಿತ್ತು. ಬಿಸಿಯಾದಾಗ ಅವನ ಮಾತು ನಿಧಾನವಾಗುತ್ತದೆ. ಆ ನಾಲ್ಕೂ ದಿನ ಮಾತು ಪಟಪಟ ಉದುರುತ್ತಿತ್ತು.

ವಾಪಸು ಬಂದ ಸಂಜೆ ಬಸ್ಸಿನಿಂದ ಇಳಿಯುತ್ತಲೇ ಅವನು ಹೇಳಿದ ಮೊದಲ ಮಾತು, "ಮಮ್ಮಿ, ಬಸ್ ಕಾ ಎಸಿ ಇತನಾ ಥಂಡಾ ಥಾ, ಮೈ ತೋ ಕಾಂಪ್ ರಹಾ ಥಾ." ಪಕ್ಕದಲ್ಲಿದ್ದ ಹುಡುಗನ ಸ್ವೆಟರ್ ಅವನ ಮೈ ಮೇಲಿತ್ತು. ನನ್ನ ಮಗ ಬಸ್ಸಿನ ಎಸಿಯಲ್ಲಿ ಚಳಿಯಾಗಿ ನಡುಗಿದೆನೆಂದು ದೂರುತ್ತಿದ್ದ. ನಾನು ಅವನ ಚೀಲ ತೆಗೆದುಕೊಂಡೆ. ಹಸಿವಾಗಿದೆ, ಏನಿದೆ ಮನೆಯಲ್ಲಿ ಎಂದು ಕೇಳುತ್ತ ಅವನು ಮುಂದೆ ಮುಂದೆ ನಡೆದ.